ಡಯಾಲಿಸಿಸ್ ಫಿಲ್ಟರ್ ಬರೀ ಜರಡಿಯಲ್ಲ

ಡಯಾಲಿಸಿಸ್ ಯಂತ್ರದ ಪಕ್ಕಕ್ಕೆ ಸಿಕ್ಕಿಸಿರುವ ಅಡಿಯುದ್ದದ ಪಾರದರ್ಶಕ ಕೊಳವೆಯೊಳಗೆ ಬಿಳಿ ನೂಲಿನ ಕಟ್ಟಿನಂತೆ ಕಾಣುವುದು ಸುಮಾರು 10,000 ಟೊಳ್ಳು ನಾರುಗಳು. ರಕ್ತ ನುಗ್ಗಿದೊಡನೆ ಇಡೀ ಕಟ್ಟು ಕೆಂಪೇರುತ್ತದೆ. ಒಂದೊಂದು ನಾರಿನ ಒಳಗಂಡಿ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಆದರೂ ಎಲ್ಲವನ್ನೂ ಸೀಳಿ ಹಾಸಿದರೆ ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ರೋಗಿಯ ರಕ್ತ ಈ ಪರಕೀಯ ಗೋಡೆಗೆ ತಾಗುತ್ತಲೇ ಹರಿಯುತ್ತದೆ.

ತಾಗಿದ್ದಕ್ಕೆ ರಕ್ತ ಸುಮ್ಮನಿರುವುದಿಲ್ಲ. ನಾರಿನ ಗೋಡೆಯೇ ರಕ್ತ ಸೋಸುವ ಪೊರೆ. ಹಿಂದೆ ಬಳಕೆಯಲ್ಲಿದ್ದ ಸೆಲ್ಯುಲೋಸ್ ಪೊರೆ ನಮ್ಮ ರಕ್ತದ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ಕೆರಳಿಸುತ್ತಿತ್ತು. ರೋಗಾಣು ಹೊಕ್ಕಾಗ ಏಳಬೇಕಾದ ಪಡೆ ಅದು. ಡಯಾಲಿಸಿಸ್ ಶುರುವಾಗಿ 15 ನಿಮಿಷಕ್ಕೆ ರಕ್ತ ತೆಗೆದು ನೋಡಿದರೆ ಬಿಳಿ ರಕ್ತಕಣಗಳ ಎಣಿಕೆ ದಿಢೀರನೆ ಕುಸಿದಿರುತ್ತಿತ್ತು. ಅವು ಸತ್ತಿರಲಿಲ್ಲ. ಕೆರಳಿ, ಒಂದಕ್ಕೊಂದು ಅಂಟಿಕೊಂಡು, ಶ್ವಾಸಕೋಶದ ಕಿರುನಾಳಗಳಲ್ಲಿ ಸಿಕ್ಕಿಬಿದ್ದಿರುತ್ತಿದ್ದವು. ಸ್ವಲ್ಪ ಹೊತ್ತಿಗೆ ಎಣಿಕೆ ಮತ್ತೆ ಏರುತ್ತಿತ್ತು. ಪಾಲಿಸಲ್ಫೋನ್‌ನಂಥ ಈಗಿನ ಕೃತಕ ಪೊರೆಗಳಲ್ಲಿ ಈ ಗಲಾಟೆ ಬಹಳ ತಗ್ಗಿದೆ, ಪೂರ್ತಿ ನಿಂತಿಲ್ಲ.

ಇದರ ಪೆಟ್ಟು ಬೀಳುವುದು ರಕ್ತನಾಳಕ್ಕೆ. ನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಒಳಪದರವಿದೆ. ಅದು ನೈಟ್ರಿಕ್ ಆಕ್ಸೈಡ್ ಉತ್ಪಾದಿಸಿ ನಾಳವನ್ನು ಸಡಿಲವಾಗಿಡುತ್ತದೆ. ಮೂತ್ರಪಿಂಡ ಸೋತವರಲ್ಲಿ ಉಳಿದುಹೋದ ಕಶ್ಮಲಗಳಿಂದ ಅದು ಮೊದಲೇ ಬಳಲಿರುತ್ತದೆ. ಮೇಲಿಂದ ಈ ಕೆರಳಿಕೆಯ ಉರಿಯೂತವೂ ಸೇರಿದರೆ ನಾಳ ಬಿರುಸಾಗುತ್ತದೆ, ರಂಜಕ ಹೆಚ್ಚಿದ್ದಲ್ಲಿ ಗೋಡೆಯಲ್ಲಿ ಸುಣ್ಣವೂ ಕಟ್ಟುತ್ತದೆ. ಡಯಾಲಿಸಿಸ್ ರೋಗಿಗಳ ಸಾವಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ ದೊಡ್ಡ ಕಾರಣ ಎಂಬುದನ್ನು ನೆನೆದರೆ ಈ ತೆಳು ಪದರದ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ ಅನಿಸುತ್ತದೆ.

ಇನ್ನು ರಂಧ್ರದ ಗಾತ್ರ. ಕಶ್ಮಲವಾದ ಯೂರಿಯಾದ ಅಣುವಿನ ತೂಕ 60 ಡಾಲ್ಟನ್ (ಅಣುತೂಕದ ಅಳತೆ), ಯಾವ ಪೊರೆಯಲ್ಲೂ ಸಲೀಸಾಗಿ ನುಸುಳುತ್ತದೆ. ಮೂತ್ರಪಿಂಡ ಸೋತಾಗ ರಕ್ತದಲ್ಲಿ ಉಳಿದುಹೋಗುವ, ಸುಮಾರು 11,800 ಡಾಲ್ಟನ್ನಿನ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಪ್ರೋಟೀನಿಗೆ ದೊಡ್ಡ ರಂಧ್ರದ ಹೈ-ಫ್ಲಕ್ಸ್ ಪೊರೆಯೇ ಬೇಕು. ಹಾಗೆಂದು ರಂಧ್ರವನ್ನು ತೀರಾ ಹಿಗ್ಗಿಸಿದರೆ ದೇಹಕ್ಕೆ ಬೇಕಾದ, 66,000 ಡಾಲ್ಟನ್ನಿನ ಆಲ್ಬುಮಿನ್ ಪ್ರೋಟೀನೂ ಸೋರಿಹೋಗುತ್ತದೆ. 2002ರ ಹೀಮೋ ಅಧ್ಯಯನದಲ್ಲಿ ಹೈ-ಫ್ಲಕ್ಸ್ ಪೊರೆಯಿಂದ ಒಟ್ಟು ಸಾವು ಗಣನೀಯವಾಗಿ ಇಳಿಯಲಿಲ್ಲ. ಪೊರೆಯ ಮೂಲಕ ಹೆಚ್ಚು ದ್ರವವನ್ನು ಎಳೆದು, ಅಷ್ಟನ್ನು ಮರಳಿ ತುಂಬುವ ಹೀಮೋಡಯಾಫಿಲ್ಟ್ರೇಶನ್ ಪಡೆದವರಲ್ಲಿ ಸಾವಿನ ಅಪಾಯ 23 ಪ್ರತಿಶತ ಕಡಿಮೆ ಎಂದು 2023ರ ಕನ್ವಿನ್ಸ್ ಅಧ್ಯಯನ ಹೇಳಿತು. ಆದರೆ ಹೃದಯದ ಕಾರಣಕ್ಕಾದ ಸಾವುಗಳಲ್ಲಿ ಖಚಿತ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ.

ದೊಡ್ಡ ರಂಧ್ರಕ್ಕೆ ಇನ್ನೊಂದು ಮುಖವಿದೆ. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ದ್ರವ ಪೊರೆಯ ಆಚೆಬದಿಯಲ್ಲಿ ಹರಿಯುತ್ತದೆ. ಅದರ ನೀರು ಅಶುದ್ಧವಾಗಿದ್ದರೆ ಬ್ಯಾಕ್ಟೀರಿಯಾದ ವಿಷದ ತುಣುಕುಗಳು ಹಿಮ್ಮುಖವಾಗಿ ರಕ್ತಕ್ಕೆ ನುಗ್ಗಬಲ್ಲವು. ಹಾಗಾಗಿ ಉರಿಯೂತವನ್ನು ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ರೋಗಿಯ ರಕ್ತದಲ್ಲಿ ಏರಿಯೇ ಇದ್ದರೆ ಫಿಲ್ಟರನ್ನಷ್ಟೇ ದೂರುವಂತಿಲ್ಲ. ನೀರಿನ ಘಟಕವನ್ನು, ಡಯಾಲಿಸಿಸ್‌ಗೆಂದು ಹಾಕಿ ಕತ್ತಿನಲ್ಲಿ ಉಳಿದಿರುವ ಕ್ಯಾತಿಟರ್ ಕೊಳವೆಯನ್ನು, ಒಸಡಿನ ಸೋಂಕನ್ನು ಕೂಡ ಪರೀಕ್ಷಿಸಬೇಕಾಗುತ್ತದೆ.