ಬಾಟಲಿ ಮೇಲೆ ಹಸಿರು ಎಲೆ, ಬಳ್ಳಿ ಮೇಲೆ ಮೈಲುತುತ್ತ

ಇಟಲಿಯ ಅಬ್ರುಝೊ ಪ್ರಾಂತ್ಯದ ಕೆಂಪು ವೈನ್ ಮೊಂಟೆಪುಲ್ಚಾನೊ, ಅದೇ ಹೆಸರಿನ ದ್ರಾಕ್ಷಿಯಿಂದ ಮಾಡುವುದು. ಸಾವಯವದ್ದಾದರೆ ಬಾಟಲಿಯ ಲೇಬಲ್ ಮೇಲೆ ನಕ್ಷತ್ರಗಳನ್ನು ಜೋಡಿಸಿ ಮಾಡಿದ ಹಸಿರು ಎಲೆಯ ಗುರುತು ಇರುತ್ತದೆ. ಅದೇ ಲೇಬಲ್‌ನಲ್ಲಿ ‘ಸಲ್ಫೈಟ್ ಇದೆ’ ಅಂತಲೂ ಬರೆದಿರುತ್ತದೆ. ಸಲ್ಫೈಟ್ ಅಂದರೆ ವೈನ್ ಕೆಡದಂತೆ ಹಾಕುವ ಗಂಧಕದ ಸಂಯುಕ್ತ. ಸಾವಯವ ಅಂದಮೇಲೆ ಇದೇನು ಅಂತ ಕೇಳುವವರಿದ್ದಾರೆ. ತೋಟಕ್ಕೆ ತಾಮ್ರ ಹೊಡೆಯುತ್ತಾರಂತೆ, ಅದೆಂಥ ಸಾವಯವ ಅಂತ ಮೂಗು ಮುರಿಯುವವರೂ ಇದ್ದಾರೆ. ಮೊದಲನೆಯದು ವೈನ್ ಮಾಡುವ ನೆಲಮಾಳಿಗೆಯ ಜಗಳ, ಎರಡನೆಯದು ತೋಟದ್ದು. ಮೂವತ್ತು ವರ್ಷದಲ್ಲಿ ಎರಡೂ ಗಂಟು ಬಿದ್ದಿವೆ.

ನೆಲಮಾಳಿಗೆಯದು ಬೇಗ ಹೇಳಿ ಮುಗಿಸಬಹುದು. 1986ರಲ್ಲಿ ಇಟಲಿಯಲ್ಲಿ ಮೆಥನಾಲ್ ಬೆರೆಸಿದ ಅಗ್ಗದ ವೈನ್ ಕುಡಿದು 20ಕ್ಕೂ ಹೆಚ್ಚು ಜನ ಸತ್ತರು. ಇಟಲಿಯ ವೈನ್ ಅಂದರೆ ಜನ ಅನುಮಾನದಿಂದ ನೋಡುವಂತಾಯಿತು. 1991ರಲ್ಲಿ ಯುರೋಪಿನ ಸಾವಯವ ಕಾನೂನು ಬಂತು. ಆದರೆ ಅದು ದ್ರಾಕ್ಷಿಗೆ ಮಾತ್ರ. ಹಣ್ಣು ತೋಟ ದಾಟಿದ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ನಿಯಮವೇ ಇರಲಿಲ್ಲ. ಹಾಗಾಗಿ ಲೇಬಲ್ ಮೇಲೆ ‘ಸಾವಯವ ದ್ರಾಕ್ಷಿಯ ವೈನ್’ ಅಂತ ಬರೆಯಬಹುದಿತ್ತು, ‘ಸಾವಯವ ವೈನ್’ ಅಂತ ಬರೆಯುವ ಹಾಗಿರಲಿಲ್ಲ. ಅದಕ್ಕೆ 2012ರವರೆಗೆ ಕಾಯಬೇಕಾಯಿತು. ಆಗ ಸಿಹಿ ಇಲ್ಲದ ಕೆಂಪು ವೈನಿಗೆ ಲೀಟರಿಗೆ 100 ಮಿಲಿಗ್ರಾಂ ಸಲ್ಫೈಟ್ ಮಿತಿ ಹಾಕಿದರು. ಮಾಮೂಲಿ ವೈನಿಗೆ 150. ಅಮೆರಿಕದಲ್ಲಿ ‘ಸಾವಯವ ವೈನ್’ ಅನ್ನಬೇಕಾದರೆ ಸಲ್ಫೈಟ್ ಸೇರಿಸಲೇಬಾರದು. ಹಾಗಾಗಿ ಒಂದೇ ಪೀಪಾಯಿಯ ವೈನಿಗೆ ಇಟಲಿಯಲ್ಲಿ ಒಂದು ಲೇಬಲ್, ನ್ಯೂಯಾರ್ಕ್‌ನಲ್ಲಿ ಇನ್ನೊಂದು. ಹುದುಗುವಾಗ ಯೀಸ್ಟ್ ತಾನೇ ಒಂದಿಷ್ಟು ಸಲ್ಫೈಟ್ ಮಾಡುತ್ತದೆ ಅನ್ನುವುದು ಈ ಗಲಾಟೆಯಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ತೋಟದ ಜಗಳ ಇಷ್ಟು ಸಲೀಸಲ್ಲ. ಅದು 1870ರ ದಶಕದ ಕೊನೆಗೆ ಅಮೆರಿಕದಿಂದ ಯುರೋಪಿಗೆ ಬಂದಿಳಿದ ಬೂಜು ತುಪ್ಪಟ ರೋಗದಿಂದ ಶುರು. ನಮ್ಮ ವಿಜಯಪುರದ ಬೆಳೆಗಾರರು ಸುಮ್ನೆ ‘ಡೌನಿ’ ಅನ್ನುವುದು ಇದಕ್ಕೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆಬದಿಯ ಹಣ್ಣು ಕದಿಯಬಾರದು ಅಂತ ಬಳ್ಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗಳಿಗೆ ರೋಗ ಬಂದಿರಲಿಲ್ಲ. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಇದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಜಗತ್ತಿಗೆ ತಿಳಿಸಿದ. ಅದೇ ಬೋರ್ಡೋ ದ್ರಾವಣ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಇವತ್ತಿಗೂ ಕೊಳೆರೋಗಕ್ಕೆ ಹೊಡೆಯುವುದು ಇದನ್ನೇ. ಎರಡೂ ರೋಗಾಣುಗಳು ದಾಯಾದಿಗಳು. ಹಾಗಾಗಿ ಮುಂದಿನ ಕಥೆ ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ.

ತಾಮ್ರ ರೋಗ ವಾಸಿ ಮಾಡುವುದಿಲ್ಲ, ಬರದಂತೆ ತಡೆಯುತ್ತದೆ ಅಷ್ಟೆ. ಎಲೆಯ ಮೇಲೆ ಕೂತಿರುತ್ತದೆ, ಒಳಗೆ ಹೋಗುವುದಿಲ್ಲ. ಜೋರು ಮಳೆಗೆ ತೊಳೆದು ಹೋಗುತ್ತದೆ. ಹೊಡೆದ ಮೇಲೆ ಚಿಗುರಿದ ಎಲೆಗೆ ರಕ್ಷಣೆಯೇ ಇಲ್ಲ. ಇಟಲಿಯ ರೈತರಲ್ಲಿ ‘ಮೂರು ಹತ್ತು’ ಅಂತ ಒಂದು ಲೆಕ್ಕ ಇದೆ. ತಾಪಮಾನ 10 ಡಿಗ್ರಿ, ಚಿಗುರು 10 ಸೆಂಟಿಮೀಟರ್, ಒಂದೆರಡು ದಿನದಲ್ಲಿ 10 ಮಿಲಿಮೀಟರ್ ಮಳೆ. ಮೂರೂ ಕೂಡಿತೋ, ರೋಗ ಬಂತು ಅಂತಲೇ ತಿಳಿಯಬೇಕು. ಮೊದಲು ಎಲೆ ಮೇಲೆ ಎಣ್ಣೆ ಬಿದ್ದಂಥ ಹಳದಿ ಮಚ್ಚೆ. ತಿರುಗಿಸಿದರೆ ಅಡಿಯಲ್ಲಿ ಬಿಳಿ ಬೂಜು. ಗೊಂಚಲಿಗೆ ಹತ್ತಿದರೆ ಕಾಯಿ ಕಂದಾಗಿ ಚರ್ಮದ ಹಾಗೆ ಸುಕ್ಕುಗಟ್ಟುತ್ತದೆ.

ಮಾಮೂಲಿ ಬೆಳೆಗಾರರಿಗೆ ಗಿಡದೊಳಗೆ ಇಳಿಯುವ ಔಷಧಿಗಳಿವೆ. ಸಾವಯವದವರ ಕೈಯಲ್ಲಿ ಇರುವುದು ಮುಖ್ಯವಾಗಿ ತಾಮ್ರ. ಆದರೆ ತಾಮ್ರ ಲೋಹ. ಕರಗಿ ಮಾಯವಾಗುವುದಿಲ್ಲ, ಮಣ್ಣಲ್ಲೇ ಕೂರುತ್ತದೆ, ಎರೆಹುಳುವಿಗೆ ಒಳ್ಳೆಯದಲ್ಲ. ಅದಕ್ಕೇ ಮಿತಿ ಬಂತು. ವರ್ಷಕ್ಕೆ ಹೆಕ್ಟೇರಿಗೆ 6 ಕಿಲೊ ಇದ್ದದ್ದು 2019ರಿಂದ 7 ವರ್ಷಕ್ಕೆ ಒಟ್ಟು 28 ಕಿಲೊ, ಅಂದರೆ ಸರಾಸರಿ 4 ಕಿಲೊಗೆ ಇಳಿಯಿತು. ಮಣ್ಣಿನ ಲೆಕ್ಕದಲ್ಲಿ ಇದು ಸರಿಯೇ. ಮಳೆಗೆ ಮಾತ್ರ ಈ ಸರಾಸರಿ ಗೊತ್ತಿಲ್ಲ.

ಅದು 2023ರಲ್ಲಿ ಕಂಡಿತು. ಮೇ, ಜೂನ್‌ನಲ್ಲಿ ಮಧ್ಯ ಮತ್ತು ದಕ್ಷಿಣ ಇಟಲಿಯಲ್ಲಿ ಮಳೆ ಬಿಡಲೇ ಇಲ್ಲ. ಕೆಸರಿನಲ್ಲಿ ಟ್ರ್ಯಾಕ್ಟರ್ ಇಳಿಸುವ ಹಾಗಿರಲಿಲ್ಲ. ಹೊಡೆದದ್ದು ತೊಳೆದು ಹೋಯಿತು. ಅಬ್ರುಝೊದಲ್ಲಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವುದು ಹಳೆಯ ಪದ್ಧತಿ, ಬಿಸಿಲಿಗೆ ಅದೇ ಒಳ್ಳೆಯದು. ಆದರೆ ಅಂಥ ಮಳೆಯಲ್ಲಿ ಚಪ್ಪರದಡಿ ತೇವ ಬೇಗ ಆರುವುದಿಲ್ಲ. ಮೊಂಟೆಪುಲ್ಚಾನೊ ತಳಿಗೆ ಈ ರೋಗ ಬೇಗ ಹತ್ತುತ್ತದೆ ಬೇರೆ. ಸಾವಯವದವರಷ್ಟೇ ಅಲ್ಲ, ಎಲ್ಲರೂ ಪೆಟ್ಟು ತಿಂದರು. ಇಡೀ ಇಟಲಿಯ ವೈನ್ ಉತ್ಪಾದನೆ ಆ ವರ್ಷ 1947ರ ನಂತರ ಅತಿ ಕಡಿಮೆ.

ಇಂಥ ವರ್ಷದಲ್ಲಿ ದೊಡ್ಡವರು ಬೇರೆ ಸೀಮೆಯ ತೋಟದಿಂದ ಸುಧಾರಿಸಿಕೊಳ್ಳುತ್ತಾರೆ. ಒಂದೇ ಗುಡ್ಡದ ಮಗ್ಗುಲಲ್ಲಿ ಐದಾರು ಹೆಕ್ಟೇರ್ ಇಟ್ಟುಕೊಂಡವರು ಏನು ಮಾಡಬೇಕು? ತಪಾಸಣೆ, ದಾಖಲೆ ಪುಸ್ತಕ ಇಬ್ಬರಿಗೂ ಒಂದೇ. ಒಮ್ಮೆ ಬೇರೆ ಔಷಧಿ ಹೊಡೆದರೆ ಹಸಿರು ಎಲೆ ಹೋಯಿತು. ತೋಟ ಮತ್ತೆ ಸಾವಯವಕ್ಕೆ ತಿರುಗಲು ಸಾಮಾನ್ಯವಾಗಿ 3 ವರ್ಷ ಬೇಕು. ಇನ್ನು ‘ಸುಸ್ಥಿರ’ ಅನ್ನುವ ಮುದ್ರೆಗಳು. ಇಟಲಿಯಲ್ಲಿ ಇವು ಒಂದಲ್ಲ, ಹಲವು, ಒಂದೊಂದಕ್ಕೂ ಒಂದೊಂದು ಅಳತೆ. ನೀರು, ಕರೆಂಟು, ಬಾಟಲಿಯ ತೂಕ ಎಲ್ಲ ಲೆಕ್ಕಕ್ಕೆ ಬರುತ್ತದೆ. ಸಾವಯವ ಆಗಿರಲೇಬೇಕು ಅಂತೇನಿಲ್ಲ. ಕೊಳ್ಳುವವರು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಹಾಗಲ್ಲ ಅಂತ ಹೇಳುವ ಆತುರ ಮಾರುವವರಿಗೂ ಅಷ್ಟಾಗಿ ಕಾಣುವುದಿಲ್ಲ.

ಈಗ ಮಾತು ರೋಗ ತಡೆಯುವ ಮಿಶ್ರತಳಿಗಳ ಕಡೆ ಹೊರಳಿದೆ. ಇವುಗಳಿಗೆ ಔಷಧಿ ತುಂಬಾ ಕಡಿಮೆ ಸಾಕು. ಊರಿನ ಹೆಸರಿನ ಮೇಲೆ ಮಾರುವ ವೈನಿಗೂ ಇಂಥ ತಳಿ ಬಳಸಬಹುದು ಅಂತ ಯುರೋಪ್ 2021ರಲ್ಲಿ ಬಾಗಿಲು ತೆರೆಯಿತು. ಆದರೆ ಲೇಬಲ್ ಮೇಲೆ ‘ಮೊಂಟೆಪುಲ್ಚಾನೊ ದಬ್ರುಝೊ’ (ಅಬ್ರುಝೊದ ಮೊಂಟೆಪುಲ್ಚಾನೊ) ಅಂತ ಬರೆಯಬೇಕಾದರೆ ಕನಿಷ್ಠ 85% ಮೊಂಟೆಪುಲ್ಚಾನೊ ದ್ರಾಕ್ಷಿಯೇ ಇರಬೇಕು. ಹೊಸ ತಳಿ ನೆಟ್ಟರೆ ತಾಮ್ರದ ಬಳಕೆ ತಗ್ಗುತ್ತದೆ, ಲೇಬಲ್ ಮೇಲಿನ ಹೆಸರು ಹೋಗುತ್ತದೆ. ಆ ಪುಟ್ಟ ತೋಟದವರು ಇಷ್ಟು ದಿನ ವೈನ್ ಮಾರಿದ್ದೇ ಆ ಹೆಸರಿನ ಮೇಲೆ.