ನೀಲಿ ಲೈಟ್ ಹಿಡಿದರೆ ಹಲ್ಲು ಬೆಳ್ಳಗಾಗುತ್ತಾ?

ಮತ್ತೆ ಅದೇ ಪ್ರಶ್ನೆ: "ಡಾಕ್ಟ್ರೇ, ಬಾಯಲ್ಲಿ ಕಚ್ಚಿ ಹಿಡಿಯುವ ನೀಲಿ ಎಲ್‌ಇಡಿ ಲೈಟ್ ಸಿಗುತ್ತಲ್ಲ, ಅದರಿಂದ ಹಲ್ಲು ಬೆಳ್ಳಗಾಗುತ್ತಾ?"

ಇಲ್ಲ. ಕೆಲಸ ಮಾಡುವುದು ಅದರ ಜೊತೆ ಹಲ್ಲಿಗೆ ಹಚ್ಚುವ ಜೆಲ್, ಲೈಟ್ ಅಲ್ಲ. ಎಷ್ಟು ಸಲ ಹೇಳಿದರೂ ಲೈಟಿನ ಮೇಲಿನ ಭಕ್ತಿ ಮಾತ್ರ ಕರಗುತ್ತಿಲ್ಲ. ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಜೆಲ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಕಾರ್ಬಮೈಡ್ ಪೆರಾಕ್ಸೈಡ್ ಇರುತ್ತದೆ. ಅದು ಹಲ್ಲಿನ ಹೊರಪದರವಾದ ಎನಾಮೆಲ್ ದಾಟಿ ಒಳಪದರವಾದ ಡೆಂಟಿನ್‌ವರೆಗೂ ಇಳಿದು, ಅಲ್ಲಿ ಕಲೆಗೆ ಕಾರಣವಾದ ಅಣುಗಳನ್ನು ಒಡೆಯುತ್ತದೆ. ಅದಕ್ಕೆ ಬೇಕಾದ್ದು ಸಮಯ. ರಾತ್ರಿ ಹಲ್ಲಿಗೆ ಹಾಕಿಕೊಂಡು ಮಲಗಲು ನಾವು ಕೊಡುವ ಟ್ರೇಯ ಜೆಲ್‌ನಲ್ಲಿ ಸಾಮಾನ್ಯವಾಗಿ 10% ಕಾರ್ಬಮೈಡ್ ಪೆರಾಕ್ಸೈಡ್ ಇರುತ್ತದೆ. ಅಂದರೆ ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್‌ಗೆ ಸಮ. ಮುಚ್ಚಿದ ಬಾಯಿ, ಕತ್ತಲೆ ಕೋಣೆ, ಆದರೂ ಹಲ್ಲು ಬೆಳ್ಳಗಾಗುತ್ತದೆ. ಅಲ್ಲಿ ಲೈಟ್ ಎಲ್ಲಿತ್ತು?

"ಆದರೆ ಲೈಟ್ ಹಿಡಿಸಿಕೊಂಡು ಎದ್ದ ಕೂಡಲೇ ಕನ್ನಡಿಯಲ್ಲಿ ವ್ಯತ್ಯಾಸ ಕಾಣಿಸಿತು" ಅನ್ನುವವರು ಜಾಸ್ತಿ. ಕಾಣಿಸಿದ್ದು ನಿಜ. ಅಷ್ಟು ಹೊತ್ತು ಬಾಯಿ ತೆರೆದಿದ್ದರೆ ಹಲ್ಲು ಒಣಗುತ್ತದೆ, ಲೈಟಿನ ಬಿಸಿಗೆ ಇನ್ನೂ ಬೇಗ ಒಣಗುತ್ತದೆ. ಒದ್ದೆ ಬಟ್ಟೆ ಒಣಗಿದ ಮೇಲೆ ತಿಳಿಯಾಗಿ ಕಾಣುತ್ತದಲ್ಲ, ಹಾಗೆ. ಎಂಜಲಿನಲ್ಲಿ ಹಲ್ಲು ಮತ್ತೆ ನೆನೆದ ಮೇಲೆ ಆ ಹೆಚ್ಚುವರಿ ಬಿಳುಪು ಹೋಗುತ್ತದೆ. ಉಳಿಯುವುದು ಜೆಲ್ ಮಾಡಿದ್ದಷ್ಟೇ. ಲೈಟ್ ಸಹಿತ ಮತ್ತು ಲೈಟ್ ರಹಿತ ಬ್ಲೀಚಿಂಗ್ ಹೋಲಿಸಿದ ಪರೀಕ್ಷೆಗಳಲ್ಲೂ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿಲ್ಲ. ಜೋರಾದ ಲೈಟ್ ಬಿಸಿಯಾಗಿ ಹಲ್ಲು ಜುಮ್ಮೆನ್ನುವುದು ಮಾತ್ರ ಜಾಸ್ತಿಯಾಗಬಹುದು. ಹಾಂ, ಫಿಲ್ಲಿಂಗ್, ಕ್ಯಾಪ್‌ಗಳ ಬಣ್ಣ ಜೆಲ್‌ನಿಂದಲೂ ಬದಲಾಗುವುದಿಲ್ಲ.

ಹಾಗಂತ ಎಲ್ಲಾ ಬೆಳಕೂ ಬೊಗಳೆ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಆ ಕಡೆಗೂ ಓಡಬೇಡಿ. ತಲೆ, ಕತ್ತಿನ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆಯುವವರ ಬಾಯಲ್ಲಿ ಏಳುವ ಹುಣ್ಣಿಗೆ ಕಡಿಮೆ ಶಕ್ತಿಯ ಕೆಂಪು ಅಥವಾ ಇನ್‌ಫ್ರಾರೆಡ್ ಲೇಸರ್ ನಿಜಕ್ಕೂ ಉಪಯೋಗ. ಅದಕ್ಕೆ ಅಳತೆ, ಸಮಯ, ತರಬೇತಿ ಎಲ್ಲಾ ಬೇಕು. ಸುಮ್ನೆ ಯಾವುದೋ ಕೆಂಪು ಬಲ್ಬ್ ಹಿಡಿದರೆ ಆಗುವುದಿಲ್ಲ.

ಇನ್ನು ಕ್ಲಿನಿಕ್‌ನಲ್ಲಿ ನೀವು ನೋಡಿದ ನೀಲಿ ಲೈಟ್? ಗೊಂದಲ ಹುಟ್ಟಿದ್ದೇ ಅಲ್ಲಿಂದ ಅಂತ ನನ್ನ ಅನುಮಾನ. ಅದು ಹಲ್ಲಿನ ಬಣ್ಣದ ಫಿಲ್ಲಿಂಗ್ ಗಟ್ಟಿ ಮಾಡುವುದಕ್ಕೆ. ಸಾಮಾನ್ಯವಾಗಿ ಆ ಫಿಲ್ಲಿಂಗ್‌ನಲ್ಲಿ ಕ್ಯಾಂಫರ್‌ಕ್ವಿನೋನ್ ಎಂಬ ಪದಾರ್ಥ ಇರುತ್ತದೆ. ಸುಮಾರು 470 ನ್ಯಾನೋಮೀಟರ್‌ನ ನೀಲಿ ಬೆಳಕು ಹೀರಿಕೊಂಡು ಅದು ಫಿಲ್ಲಿಂಗ್‌ನ ರಾಳವನ್ನು ಗಟ್ಟಿಯಾಗಿಸುತ್ತದೆ. ಬೆಳಕು ಆಳಕ್ಕೆ ಇಳಿಯದ ಕಾರಣ ಸುಮಾರು 2 ಮಿಲಿಮೀಟರ್ ದಪ್ಪದ ಪದರ ಪದರವಾಗಿ ತುಂಬುತ್ತೇವೆ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಆ ನೀಲಿ ಲೈಟ್ ಬಳಸುವಾಗ ಅಡ್ಡ ಹಿಡಿಯುವ ಕಿತ್ತಳೆ ಬಣ್ಣದ ಗಾಜು ಅಲಂಕಾರಕ್ಕಲ್ಲ. ನೀಲಿ ಬೆಳಕು ಕಣ್ಣಿಗೆ ಬೀಳದಂತೆ ಅದು ತಡೆಯುತ್ತದೆ, ನೀವೂ ಲೈಟನ್ನೇ ದಿಟ್ಟಿಸಬೇಡಿ. ಫಿಲ್ಲಿಂಗ್ ಕೂರಿಸುವಾಗ ಡಾಕ್ಟ್ರು ಮೇಲಿನ ದೊಡ್ಡ ದೀಪವನ್ನು ಆಚೆ ತಿರುಗಿಸುವುದು ಕರೆಂಟ್ ಉಳಿಸಲು ಅಲ್ಲ. ಆ ಬೆಳಕಲ್ಲೂ ನೀಲಿ ಇದೆ. ತಿರುಗಿಸದಿದ್ದರೆ, ಆಕಾರ ಕೊಡುವ ಮೊದಲೇ ಫಿಲ್ಲಿಂಗ್ ಗಟ್ಟಿಯಾಗಲು ಶುರುವಾಗಿಬಿಡುತ್ತದೆ.