ಐವತ್ತು ಎಂಬಿಪಿಎಸ್ ಇದ್ದರೂ ಕ್ಯಾರಂ ಯಾಕೆ ನಿಲ್ಲುತ್ತದೆ?

ಕಕ್ಕಡದ ಮಳೆ ಹಿಡಿದರೆ ಮಡಿಕೇರಿ ಕಡೆ ಸಂಜೆ ಹೊರಗೆ ಕಾಲಿಡುವ ಹಾಗಿಲ್ಲ. ನಮ್ಮ ಮನೆಯಲ್ಲಿ ಆಗ ಆನ್‌ಲೈನ್ ಕ್ಯಾರಂ ಶುರು. ಅಜ್ಜಿ, ನಾನು ಇಲ್ಲಿ. ಅಕ್ಕ, ಭಾವ ಬೆಂಗಳೂರಲ್ಲಿ. ಕಳೆದ ವರ್ಷ ಸ್ಟ್ರೈಕರ್ ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಸ್ಪೀಡ್ ನೋಡಿದರೆ 50 ಎಂಬಿಪಿಎಸ್! "ಮಳೆಗೆ ಹಂಗೇ" ಅಂದರು ಎಲ್ಲರೂ.

ಆದರೆ ನಮ್ಮದು ಫೈಬರ್. ಗಾಜಿನ ಎಳೆಯೊಳಗೆ ಓಡುವ ಬೆಳಕಿಗೆ ಮಳೆಯ ಹಂಗಿಲ್ಲ. ಸಿಲ್ವರ್ ಓಕ್ ಕೊಂಬೆ ಬಿದ್ದು ಕೇಬಲ್ ತುಂಡಾದರೆ ಇಂಟರ್ನೆಟ್ ಪೂರ್ತಿ ಹೋಗುತ್ತದೆ, ಅಲ್ವಾ?

ಆಟಕ್ಕೆ ಡೇಟಾ ಸ್ವಲ್ಪ ಸಾಕು. ನಮ್ಮ ಹೊಡೆತ ಸರ್ವರ್‌ಗೆ ಹೋಗಿ ಉತ್ತರ ಬೇಗ ಬರಬೇಕು, ಅಷ್ಟೇ. ಹೀಗೆ ಹೋಗಿಬರುವ ಸಮಯವೇ ಪಿಂಗ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 1000 ಕಿ.ಮೀ. ಹೋಗಿಬರಲು ಬೆಳಕಿಗೆ 10 ಮಿಲಿಸೆಕೆಂಡ್ ಸಾಕು.

ಒಂದು ಸಂಜೆ ಲ್ಯಾಪ್‌ಟಾಪ್‌ನಲ್ಲಿ ಪಿಂಗ್ ಹಾಕಿ ಕೂತೆ. 24, 26, 25 ಮಿಲಿಸೆಕೆಂಡ್. ಇದ್ದಕ್ಕಿದ್ದ ಹಾಗೆ 380, 610, 900. ತಲೆಯೆತ್ತಿದರೆ ಚಿಕ್ಕಪ್ಪ ಬಾಗಿಲಲ್ಲಿ ಕೊಡೆ ಮಡಚುತ್ತಿದ್ದಾರೆ. ತೋಟದಲ್ಲಿ ಬಿದ್ದ ಮರಗಳ ವಿಡಿಯೋಗಳೆಲ್ಲ ಅವರ ಫೋನಿಂದ ಕ್ಲೌಡ್‌ಗೆ ಹೊರಟಿದ್ದವು.

ಕುಶಾಲನಗರದ ಕಾಫಿ ಕ್ಯೂರಿಂಗ್ ಗೇಟನ್ನು ನೆನೆಯಿರಿ. ಮೂಟೆ ತುಂಬಿದ ಲಾರಿಗಳ ಸಾಲು. ಹಿಂದೆ ಒಂದು ಸ್ಕೂಟರ್. ಅದರವನಿಗೆ ಒಂದು ಚೀಟಿ ಕೊಟ್ಟು ಹೋದರಾಯಿತು. ಆದರೂ ಕಾಯಬೇಕು. ಚಿಕ್ಕಪ್ಪನ ವಿಡಿಯೋಗಳೇ ಆ ಲಾರಿಗಳು, ನಮ್ಮ ಆಟ ಆ ಸ್ಕೂಟರ್. ಹೀಗೆ ಡೇಟಾ ಉದ್ದ ಸಾಲಲ್ಲಿ ಸಿಕ್ಕಿ ತಡವಾಗುವುದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು. 2010ರಲ್ಲಿ ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ ಕೂಡ ತಮ್ಮ ಮನೆಯ ಇಂಟರ್ನೆಟ್ ಒದ್ದಾಡುವುದನ್ನು ಕಂಡೇ ಇದರ ಬೆನ್ನುಹತ್ತಿದ್ದು.

ರೌಟರ್ ಸೆಟ್ಟಿಂಗ್‌ನಲ್ಲಿ ಎಸ್‌ಕ್ಯುಎಂ (ಡೇಟಾದ ಸಾಲನ್ನು ಜಾಣತನದಿಂದ ನಿಭಾಯಿಸುವ ಸೌಲಭ್ಯ) ಇದ್ದರೆ ಹಾಕಿ, ಅಪ್‌ಲೋಡ್ ಮಿತಿಯನ್ನು ನಿಜವಾದ ಸ್ಪೀಡಿಗಿಂತ ಶೇ. 10ರಷ್ಟು ಕಮ್ಮಿ ಇಡಿ. ಆಗ ಸಾಲು ನಿಮ್ಮ ರೌಟರ್‌ನಲ್ಲೇ ನಿಲ್ಲುತ್ತದೆ, ಸ್ಕೂಟರ್‌ಗೆ ಬೇರೆ ದಾರಿ ಸಿಗುತ್ತದೆ. ಇಲ್ಲದಿದ್ದರೆ ಫೋನಿನ ಬ್ಯಾಕಪ್ಪನ್ನು ರಾತ್ರಿಗೆ ತಳ್ಳಿ. ನಮ್ಮಲ್ಲಿ ಎಸ್‌ಕ್ಯುಎಂ ಹಾಕಿದ ಮೇಲೆ ಅಪ್‌ಲೋಡ್ ನಡೆಯುತ್ತಿದ್ದಾಗಲೂ ಪಿಂಗ್ 31.

ದಪ್ಪ ಗೋಡೆಯ ಹಳೇ ಮನೆಯಾದರೆ ವೈಫೈ ಜೊತೆ ಸುಮ್ನೆ ಗುದ್ದಾಡಬೇಡಿ, ಲ್ಯಾನ್ ಕೇಬಲ್ ಎಳೆಯಿರಿ. 100 ಮೀಟರ್‌ವರೆಗೆ ತೊಂದರೆಯಿಲ್ಲ. ಕರೆಂಟ್ ಹೋಗುವುದು ಜಾಸ್ತಿಯಿದ್ದರೆ ಸಣ್ಣ ಯುಪಿಎಸ್ ಇಡಿ. ಫೈಬರ್ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದ್ದರೆ ಎರಡನ್ನೂ ಅದಕ್ಕೇ ಸೇರಿಸಿ.